ಮೇಷ್ಟ್ರ ಭಾನುವಾರದ ಕಾಗದ

ಇಮೇಲ್ ಕಳಿಸುವಾಗ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಬಿಸಿಸಿ ಜಾಗದಲ್ಲಿ ಹಾಕಬೇಕಾದ ವಿಳಾಸಗಳನ್ನು ಒಂದು ಶನಿವಾರ ರಾತ್ರಿ ಎಲ್ಲರಿಗೂ ಕಾಣುವ ಸಿಸಿ ಜಾಗದಲ್ಲಿ ಹಾಕಿಬಿಟ್ಟೆ. ಹನ್ನೊಂದು ಗಂಟೆಯಾಗಿತ್ತು, ನಿದ್ದೆ ಎಳೆಯುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಮೇಷ್ಟ್ರ ಬರಹಕ್ಕೆ ಅರವತ್ತೆರಡು ಉತ್ತರ! ಒಂದು ಗಳಿಗೆ ಹಿಗ್ಗಿದೆ. ಆಮೇಲೆ ಓದಿದೆ. ಮೊದಲನೆಯವರು ‘ತುಂಬಾ ಚೆನ್ನಾಗಿದೆ ಸರ್’ ಅಂತ ಎಲ್ಲರಿಗೂ ಕಳಿಸಿದ್ದರು. ಎರಡನೆಯವರು ‘ಇವರು ಯಾರು?’ ಅಂತ ಎಲ್ಲರನ್ನೂ ಕೇಳಿದ್ದರು. ಮೂರನೆಯವರು ‘ದಯವಿಟ್ಟು ಎಲ್ಲರಿಗೂ ರಿಪ್ಲೈ ಮಾಡಬೇಡಿ’ ಅಂತ ಎಲ್ಲರಿಗೂ ರಿಪ್ಲೈ ಮಾಡಿದ್ದರು. ನಡುವೆ ಒಬ್ಬ ಪುಣ್ಯಾತ್ಮರು ತಮ್ಮ ಮೂವತ್ತು ನಲವತ್ತರ ಸೈಟು ಮಾರಾಟಕ್ಕಿದೆ ಅಂತ ಹಾಕಿಕೊಂಡಿದ್ದರು. ಉಳಿದ ಉತ್ತರಗಳೆಲ್ಲ ಆ ಸೈಟಿನ ಬಗ್ಗೆ.

ಮೇಷ್ಟ್ರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ‘ಹೋಗ್ಲಿ ಬಿಡಮ್ಮ, ಸೈಟು ಯಾವ ಕಡೆ ಅಂತೆ?’ ಅಂದರು.

ನನ್ನದು ತುಮಕೂರಿನ ಅಶೋಕ ರಸ್ತೆಯ ಕಡೆ ಒಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಇವೇ ಕೆಲಸ. ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವರು. ನಿವೃತ್ತಿಯಾದ ಮೇಲೆ ಕ್ಯಾತ್ಸಂದ್ರದಲ್ಲಿ ಇದ್ದಾರೆ. ಜಿಲ್ಲೆಯ ವೀರಗಲ್ಲು, ಹಳೇ ಕೆರೆ, ಊರ ಹೆಸರು, ಪಾಳು ಗುಡಿ ಅಂತ ಸುತ್ತಿ ವಾರಕ್ಕೊಂದು ಬರಹ ಬರೆಯುತ್ತಾರೆ. ಮೊದಲು ಅದನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ನಲವತ್ತು ಜನ ಹಳೇ ವಿದ್ಯಾರ್ಥಿಗಳಿಗೆ ಹಾಕುತ್ತಿದ್ದರು. ಕೈ ನೋವು ಬಂತು. ಆಮೇಲೆ ನನ್ನ ಅಂಗಡಿಗೆ ಬಂದು ಟೈಪ್ ಮಾಡಿಸತೊಡಗಿದರು. ಅವರ ಇನ್ನೊಬ್ಬ ಶಿಷ್ಯ ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಒಂದು ವೆಬ್‌ಸೈಟ್ ಮಾಡಿಕೊಟ್ಟು, ಕೆಲಸ ಸಿಕ್ಕಿತು ಅಂತ ಹೊರಟುಹೋದ. ಅದರ ಪಾಸ್‌ವರ್ಡು ನನ್ನ ಪಾಲಿಗೆ ಬಂತು. ಪಾಸ್‌ವರ್ಡ್ ಜೊತೆ ಜವಾಬ್ದಾರಿಯೂ.

ಓದುವವರು ಮುನ್ನೂರು ದಾಟಿದ್ದರು. ಬೆಂಗಳೂರು, ತಿಪಟೂರು, ಶಿರಾ, ದೂರದ ದುಬೈ, ಅಮೆರಿಕ. ಚಂದಾ ಅಂತ ಒಂದು ಪೈಸೆ ಇಲ್ಲದಿದ್ದರೂ ಮೇಷ್ಟ್ರು ಅವರನ್ನು ಚಂದಾದಾರರು ಅಂತಲೇ ಅನ್ನುತ್ತಾರೆ. ಪ್ರತಿ ಶನಿವಾರ ರಾತ್ರಿ ಬರಹವನ್ನು ಸೈಟಿಗೆ ಹಾಕಿ, ಅದನ್ನೇ ಕಾಪಿ ಮಾಡಿ ಜಿಮೇಲ್‌ನಿಂದ ಕಳಿಸುವುದು ನನ್ನ ಕೆಲಸ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ವಿಳಾಸಕ್ಕಿಂತ ಜಾಸ್ತಿ ಕಳಿಸಲಾಗದು. ಅದರ ಹತ್ತಿರ ಹೋಗುತ್ತಿದ್ದೆವು. ಆ ಸಿಸಿ ಅವಾಂತರ ಆದ ಮೇಲೆ ಇದು ಕೈಯಿಂದ ಮಾಡುವ ಕೆಲಸ ಅಲ್ಲ ಅಂತ ತೀರ್ಮಾನಿಸಿದೆ.

ಅಂಗಡಿಗೆ ಪ್ರಾಜೆಕ್ಟ್ ಬೈಂಡ್ ಮಾಡಿಸಲು ಬಂದ ಇಂಜಿನಿಯರಿಂಗ್ ಹುಡುಗಿಯೊಬ್ಬಳು ‘ಆಂಟಿ, ಸೈಟಿಗೆ ಆರ್‌ಎಸ್‌ಎಸ್ ಫೀಡ್ ಇರುತ್ತಲ್ವಾ, ಅದನ್ನೇ ಕೊಟ್ಟುಬಿಡಿ’ ಅಂದಳು. ಮೇಷ್ಟ್ರು ಅಲ್ಲೇ ಕೂತಿದ್ದರು. ಕನ್ನಡಕದ ಮೇಲಿಂದ ನೋಡಿದರು. ‘ಇದರಲ್ಲಿ ಅವರದ್ದೇನಮ್ಮ ಕೆಲಸ?’

ಆ ಆರೆಸ್ಸೆಸ್ ಅಲ್ಲ. ರಿಯಲಿ ಸಿಂಪಲ್ ಸಿಂಡಿಕೇಷನ್. ಅವಳು ನಮ್ಮ ಸೈಟಿನ ವಿಳಾಸದ ಕೊನೆಗೆ ಒಂದು ಸ್ಲ್ಯಾಷ್ ಹಾಕಿ ಫೀಡ್ ಅಂತ ಹೊಡೆದು ತೋರಿಸಿದಳು. ಪರದೆಯ ತುಂಬಾ ಬಾಣದ ಗುರುತುಗಳು, ನಡುನಡುವೆ ಮೇಷ್ಟ್ರ ಕನ್ನಡ. ಇದು ನಮ್ಮ ಸೈಟಿನಲ್ಲಿ ಮೊದಲಿನಿಂದಲೂ ಇತ್ತಂತೆ. ವರ್ಡ್‌ಪ್ರೆಸ್ ತಾನೇ ಮಾಡಿಡುತ್ತದೆ, ಯಾರೂ ಕೇಳದಿದ್ದರೂ. ಇಷ್ಟು ವರ್ಷ ಶನಿವಾರ ರಾತ್ರಿಗಳನ್ನು ಸುಮ್ನೆ ಕಳೆದಿದ್ದೆ.

ಮೇಷ್ಟ್ರಿಗೆ ಅರ್ಥ ಮಾಡಿಸಲು ನನಗೆ ಹೋಟೆಲ್ ಬೋರ್ಡೇ ಬೇಕಾಯಿತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲುಗಳಿಗೆ ಬರವಿಲ್ಲ. ಒಂದು ಹೋಟೆಲಿನ ಮುಂದೆ ಕಪ್ಪು ಹಲಗೆ ಇದೆ ಅಂದುಕೊಳ್ಳಿ. ಹೊಸ ತಿಂಡಿ ಆದಾಗಲೆಲ್ಲ ಮಾಲೀಕ ಮೇಲುಗಡೆ ಬರೆಯುತ್ತಾನೆ. ಹತ್ತು ಸಾಲು ತುಂಬಿದ ಮೇಲೆ ಕೆಳಗಿನದ್ದನ್ನು ಒರೆಸುತ್ತಾನೆ. ಪ್ರತಿ ಸಾಲಿನಲ್ಲೂ ತಿಂಡಿಯ ಹೆಸರು, ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿಗೆ ಆಯಿತು, ಜೊತೆಗೊಂದು ಟೋಕನ್ ನಂಬರ್. ಫೀಡ್ ಅಂದರೆ ಅಷ್ಟೇ. ಅದು ಯಾರಿಗೂ ಏನನ್ನೂ ಕಳಿಸುವುದಿಲ್ಲ. ಸುಮ್ಮನೆ ನಿಂತಿರುತ್ತದೆ. ಕಳಿಸಬೇಕಾದರೆ ಇನ್ನೊಬ್ಬ ಬೇಕು. ಹೊತ್ತಿಗೆ ಸರಿಯಾಗಿ ಬಂದು ಬೋರ್ಡು ನೋಡಿ, ಹಿಂದಿನ ಸಲ ಇಲ್ಲದ ಸಾಲು ಇದ್ದರೆ ಬರೆದುಕೊಂಡು ಮನೆಮನೆಗೂ ಹೇಳಿ ಬರುವ ಹುಡುಗ. ಆ ಹುಡುಗನೇ ಇಮೇಲ್ ಸೇವೆ.

‘ಹುಡುಗನಿಗೆ ಸಂಬಳ?’

‘ಸದ್ಯಕ್ಕೆ ಬಿಟ್ಟಿ ಮೇಷ್ಟ್ರೇ. ಜನ ಜಾಸ್ತಿಯಾದರೆ ಕೊಡಬೇಕು.’

ಆಮೇಲೆ ಓದಿ ತಿಳಿದುಕೊಂಡೆ. ಈ ಬೋರ್ಡು 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ್ದು. ಮಾಡಿದ ಇಬ್ಬರಲ್ಲಿ ಒಬ್ಬರು ರಾಮನಾಥನ್ ಗುಹ, ಮದ್ರಾಸ್ ಐಐಟಿಯಲ್ಲಿ ಓದಿದವರು. ಇನ್ನೊಬ್ಬರು ಡ್ಯಾನ್ ಲಿಬ್ಬಿ. ಈಗ ಹೆಚ್ಚು ಬಳಕೆಯಲ್ಲಿರುವ 2.0 ಆವೃತ್ತಿಯನ್ನು ಡೇವ್ ವೈನರ್ 2002ರಲ್ಲಿ ತಂದರು. ಇಂಥ ಫೀಡುಗಳನ್ನು ಒಂದೇ ಕಡೆ ಓದಲು ಇದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಾಗ ಇದರ ಕಥೆ ಮುಗಿಯಿತು ಅಂತ ಎಲ್ಲರೂ ಅಂದರಂತೆ. ಗೂಗಲ್‌ನದ್ದೇ ಫೀಡ್‌ಬರ್ನರ್ ಕೂಡ 2021ರಲ್ಲಿ ಇಮೇಲ್ ಕಳಿಸುವ ಭಾಗವನ್ನು ಮುಚ್ಚಿತು. ಬೋರ್ಡು ಮಾತ್ರ ಇನ್ನೂ ನಿಂತಿದೆ. ಅದು ಯಾರೊಬ್ಬರ ಸ್ವತ್ತೂ ಅಲ್ಲವಲ್ಲ.

ಒಂದು ಇಮೇಲ್ ಸೇವೆಗೆ ಹೆಸರು ನೋಂದಾಯಿಸಿದೆ. ಫೀಡಿನ ವಿಳಾಸ ಕೊಟ್ಟೆ. ಮೇಷ್ಟ್ರ ಬರಹದ ಶೀರ್ಷಿಕೆ ಎಲ್ಲಿ ಬರಬೇಕು, ಬರಹ ಎಲ್ಲಿ ಬರಬೇಕು ಅಂತ ನಮೂನೆಯಲ್ಲಿ ಗುರುತು ಹಾಕಿದೆ. ಲಗ್ನಪತ್ರಿಕೆಯ ನಮೂನೆ ಇಟ್ಟುಕೊಂಡು ವಧೂವರರ ಹೆಸರು ಬದಲಾಯಿಸುವವಳಿಗೆ ಇದೇನು ಹೊಸದಲ್ಲ. ವಾರಕ್ಕೊಮ್ಮೆ, ಭಾನುವಾರ, ಬೆಳಗ್ಗೆ 7ಕ್ಕೆ. ಹೊಸದೇನೂ ಇಲ್ಲದಿದ್ದರೆ ಕಳಿಸುವುದು ಬೇಡ. ಮುಗಿಯಿತು. ಅರ್ಧ ಗಂಟೆಯ ಕೆಲಸ.

ಅರ್ಧ ಗಂಟೆಯ ಆ ಕೆಲಸವನ್ನು ಸರಿಮಾಡಲು ನಾಲ್ಕು ತಿಂಗಳು ಹಿಡಿಯಿತು.

ಮೊದಲ ಭಾನುವಾರ ಏಳು ಗಂಟೆಗೆ ಏನೂ ಬರಲಿಲ್ಲ. ಎಂಟಕ್ಕೂ ಇಲ್ಲ. ಮೇಷ್ಟ್ರು ಸ್ನಾನ ಮುಗಿಸಿ ಫೋನ್ ಹಿಡಿದು ಕೂತಿದ್ದರು. ಮಧ್ಯಾಹ್ನ ಊಟ ಮಾಡಿ ಮಲಗಿದ ಮೇಲೆ, ನಾಲ್ಕೂವರೆಗೆ, ಟಿಣ್ ಅಂತು. ಸೇವೆಯ ಗಡಿಯಾರ ನ್ಯೂಯಾರ್ಕಿನಲ್ಲಿತ್ತು. ಅಲ್ಲಿ ಬೆಳಗ್ಗೆ 7 ಅಂದರೆ ಬೇಸಿಗೆಯ ತಿಂಗಳುಗಳಲ್ಲಿ ನಮಗೆ ಸಂಜೆ 4.30. ಕಾಲವಲಯವನ್ನು ಕೋಲ್ಕತ್ತಾಗೆ, ಅಂದರೆ ನಮ್ಮ ಭಾರತದ ಕಾಲಕ್ಕೆ, ಬದಲಾಯಿಸಿದೆ. ವರ್ಡ್‌ಪ್ರೆಸ್ ಒಳಗೂ ಅದೇ ಆಗಬೇಕಿತ್ತು. ಅದು ಗ್ರೀನಿಚ್ ಕಾಲದಲ್ಲಿ ಕೂತಿತ್ತು. ಇದನ್ನು ಮೊದಲೇ ನೋಡಬೇಕಿತ್ತು, ನೋಡಲಿಲ್ಲ.

ಎರಡನೇ ಭಾನುವಾರ ಬಂತು. ಮೂರನೆಯದೂ ಬಂತು. ನಾಲ್ಕನೆಯದು ಬರಲಿಲ್ಲ.

ಇದು ನನ್ನ ತಲೆ ಕೆಡಿಸಿತು. ಬರಹವನ್ನು ಬೆಳಗ್ಗೆ 6ಕ್ಕೆ ಪ್ರಕಟವಾಗುವಂತೆ ಹಿಂದಿನ ದಿನವೇ ಸಮಯ ಕಟ್ಟಿ ಇಟ್ಟಿದ್ದೆ. 7ಕ್ಕೆ ಹುಡುಗ ಬಂದಿದ್ದ, ಸೇವೆಯ ದಾಖಲೆಯಲ್ಲಿ ಇದೆ. ‘ಹೊಸದೇನೂ ಇಲ್ಲ’ ಅಂತ ವಾಪಸ್ ಹೋಗಿದ್ದಾನೆ. ಆದರೆ ಸೈಟಿನಲ್ಲಿ ಬರಹ ಇದೆ! ವಾರಕ್ಕೊಮ್ಮೆ ಬರುವ ಹುಡುಗನಾದ್ದರಿಂದ ಆ ಬರಹ ಇನ್ನು ಮುಂದಿನ ಭಾನುವಾರವೇ.

ಮೂರು ದಿನ ಅಂಗಡಿ ಮುಚ್ಚಿದ ಮೇಲೆ ಕೂತು ಓದಿದೆ. ವರ್ಡ್‌ಪ್ರೆಸ್‌ಗೆ ಸ್ವಂತ ಅಲಾರಂ ಇಲ್ಲ. 6ಕ್ಕೆ ಪ್ರಕಟಿಸು ಅಂತ ಹೇಳಿದರೆ, 6 ಗಂಟೆಯ ನಂತರ ಯಾರಾದರೂ ಸೈಟಿಗೆ ಬಂದಾಗ ಎಚ್ಚರವಾಗಿ ‘ಓಹೋ, ಪ್ರಕಟಿಸಬೇಕಿತ್ತಲ್ಲ’ ಅಂತ ಪ್ರಕಟಿಸುತ್ತದೆ. ದೊಡ್ಡ ಪತ್ರಿಕೆಯ ಸೈಟಾದರೆ ಕ್ಷಣಕ್ಕೊಬ್ಬರು ಬರುತ್ತಾರೆ, ಗೊತ್ತೇ ಆಗುವುದಿಲ್ಲ. ವೀರಗಲ್ಲಿನ ಬಗ್ಗೆ ಓದಲು ಭಾನುವಾರ ಬೆಳಗ್ಗೆ ಆರು ಗಂಟೆಗೆ ಯಾರು ಬರುತ್ತಾರೆ? ಹಿಂದಿನ ಎರಡು ವಾರ ಮೇಷ್ಟ್ರೇ ಆರೂಕಾಲಿಗೆ ಎದ್ದು ಸೈಟ್ ತೆರೆದು ನೋಡಿದ್ದರು. ಅದಕ್ಕೇ ಎಲ್ಲ ಸರಿಯಾಗಿತ್ತು. ನಾಲ್ಕನೇ ವಾರ ಮಗಳ ಮನೆಗೆ ಹೋಗಿದ್ದರು.

ಇನ್ನೂ ತಮಾಷೆ ಏನೆಂದರೆ, 7ಕ್ಕೆ ಬಂದ ಹುಡುಗನೇ ಆವತ್ತಿನ ಮೊದಲ ಗಿರಾಕಿ. ಅವನು ಬಂದ ಸದ್ದಿಗೆ ಮಾಲೀಕನಿಗೆ ಎಚ್ಚರವಾಯಿತು. ಎದ್ದು ಸೀಮೆಸುಣ್ಣ ಹುಡುಕಿ ಹೊಸ ಸಾಲು ಬರೆದ. ಅಷ್ಟರಲ್ಲಿ ಹುಡುಗ ಹಳೇ ಬೋರ್ಡು ನೋಡಿಕೊಂಡು ಹೊರಟುಹೋಗಿದ್ದ. ನಿಜವಾಗಿ ಹೀಗೇ ಆಗುತ್ತದೆ. ಪ್ರಕಟಣೆಯ ಕೆಲಸ ಹಿಂಬದಿಯಲ್ಲಿ ಬೇರೆಯಾಗಿ ಶುರುವಾಗುತ್ತದೆ, ಬಂದವನಿಗೆ ಸಿಗುವುದು ಹಳೆಯದೇ.

ಸೈಟಿಗೆ ಜಾಗ ಕೊಟ್ಟಿರುವ ಹೋಸ್ಟಿಂಗ್‌ನವರ ಪ್ಯಾನೆಲ್‌ನಲ್ಲಿ ಕ್ರಾನ್ ಅಂತ ಒಂದು ಜಾಗ ಇದೆ. ಹದಿನೈದು ನಿಮಿಷಕ್ಕೊಮ್ಮೆ ಸೈಟನ್ನು ತಟ್ಟಿ ಎಬ್ಬಿಸು ಅಂತ ಅಲ್ಲಿ ಬರೆದೆ. ಪ್ರಕಟಣೆಯನ್ನೂ 5 ಗಂಟೆಗೆ ಹಿಂದೆ ತಳ್ಳಿದೆ. ಶನಿವಾರ ರಾತ್ರಿಯೇ ಪ್ರಕಟಿಸಿಬಿಡಬಹುದಿತ್ತು, ಆದರೆ ಬರಹದ ಮೇಲೆ ಭಾನುವಾರದ ತಾರೀಖೇ ಇರಬೇಕು ಅನ್ನುವುದು ಮೇಷ್ಟ್ರ ಹಟ.

ಇಷ್ಟರಲ್ಲಿ ಮೇಷ್ಟ್ರು ಸಪ್ಪಗಾಗಿದ್ದರು. ನನಗೆ ತಡವಾಗಿ ಗೊತ್ತಾಯಿತು. ‘ಯಾರೂ ಉತ್ತರ ಬರೀತಾ ಇಲ್ಲ ಕಣಮ್ಮ. ಮಿಷಿನ್ನಿಂದ ಬರೋ ಕಾಗದಕ್ಕೆ ಯಾರು ಬರೀತಾರೆ’ ಅಂದರು. ಮೊದಲೆಲ್ಲ ವಾರಕ್ಕೆ ಎಂಟು ಹತ್ತು ಉತ್ತರ ಬರುತ್ತಿತ್ತು. ನಾನು ಪ್ರಿಂಟ್ ತೆಗೆದು ಕೊಡುತ್ತಿದ್ದೆ. ಅವರು ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದಿ ಇಟ್ಟುಕೊಳ್ಳುತ್ತಿದ್ದರು. ಕಳಿಸಿದವರಿಗೆ ಅದು ಗೊತ್ತಿಲ್ಲ, ಬಿಡಿ. ಸೆಟ್ಟಿಂಗ್ ತೆಗೆದು ನೋಡಿದರೆ ಉತ್ತರ ಹೋಗಬೇಕಾದ ವಿಳಾಸದಲ್ಲಿ ‘ನೋ ರಿಪ್ಲೈ’ ಅಂತ ಇದೆ. ನಮೂನೆಯಲ್ಲಿ ಅದೇ ಇತ್ತು, ನಾನೂ ಹಾಗೇ ಬಿಟ್ಟಿದ್ದೆ. ಐದು ವಾರ ಜನ ಬರೆದ ಉತ್ತರ ಎಲ್ಲಿಗೆ ಹೋಯಿತೋ. ಇಂಥ ವಿಳಾಸ ಇಡುವುದು ಮನೆ ಬಾಗಿಲಿಗೆ ಬಂದವರಿಗೆ ಕಾಗದ ಕೊಟ್ಟು ಅವರ ಮುಖಕ್ಕೇ ಬಾಗಿಲು ಹಾಕಿದ ಹಾಗೆ. ದೊಡ್ಡ ಕಂಪನಿಗಳು ಏನಾದರೂ ಮಾಡಿಕೊಳ್ಳಲಿ. ಮೇಷ್ಟ್ರ ವಿಳಾಸ ಹಾಕಿದೆ. ಮುಂದಿನ ಸೋಮವಾರ ಹದಿಮೂರು ಪ್ರಿಂಟ್ ತೆಗೆದೆ.

ಕನ್ನಡದ್ದೇ ಆದ ಕಾಟಗಳೂ ಇದ್ದವು. ನಾನು ಇನ್ನೂ ಮುದ್ರಣದ ಕೆಲಸಕ್ಕೆ ನುಡಿ ತಂತ್ರಾಂಶದ ಹಳೇ ಫಾಂಟುಗಳನ್ನೇ ಬಳಸುವವಳು. ಒಂದು ವಾರ ಶೀರ್ಷಿಕೆಯನ್ನು ಎಲ್ಲರ ಫೋನಿನಲ್ಲೂ ಕಾಣುವ ಯೂನಿಕೋಡಿಗೆ ಬದಲಾಯಿಸದೆ ಹಾಗೇ ಅಂಟಿಸಿಬಿಟ್ಟಿದ್ದೆ. ಫಾಂಟ್ ಇರುವ ನನ್ನ ಕಂಪ್ಯೂಟರಿನಲ್ಲಿ ಕನ್ನಡ. ಚಂದಾದಾರರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ, ಬಾಲ. ‘ಇದು ಯಾವ ಕಾಲದ ಲಿಪಿ ಸರ್?’ ಅಂತ ಒಬ್ಬರು ನಿಜವಾಗಿಯೇ ಕೇಳಿದರು. ಶಾಸನದ ಬಗ್ಗೆ ಬರೆಯುವವರಿಗೆ ಇದು ನ್ಯಾಯವಾದ ಪ್ರಶ್ನೆಯೇ.

ಇನ್ನೊಂದು, ಕತ್ತರಿ. ಇಮೇಲಿನಲ್ಲಿ ಬರಹದ ಮೊದಲ ಭಾಗ ಮಾತ್ರ ಕೊಟ್ಟು ‘ಮುಂದೆ ಓದಿ’ ಅಂತ ಹಾಕೋಣ ಅಂದುಕೊಂಡಿದ್ದೆ. ಸೇವೆಯವರು ಅಕ್ಷರ ಎಣಿಸಿ ಕತ್ತರಿಸುತ್ತಿದ್ದರು. ಕನ್ನಡದ ಒತ್ತಕ್ಷರ ಒಳಗೆ ಮೂರ್ನಾಲ್ಕು ತುಂಡಾಗಿ ಇರುತ್ತದೆ ಅಂತ ಆ ಕತ್ತರಿಗೆ ಏನು ಗೊತ್ತು? ‘ಶಾಸ್ತ್ರ’ ಅಂತ ಇದ್ದಲ್ಲಿ ‘ಶಾಸ್’ ಅಂತ ನಿಂತುಬಿಟ್ಟಿತು. ಮೇಷ್ಟ್ರಿಗೆ ಅದು ಸಹಿಸಲಾಗಲಿಲ್ಲ. ವರ್ಡ್‌ಪ್ರೆಸ್ ತಾನೇ ಮಾಡುವ ಸಾರಾಂಶ 55 ಪದದ್ದು. ಪದ ಎಣಿಸುವುದರಿಂದ ನಡುವೆ ಮುರಿಯುವುದಿಲ್ಲ. ಆದರೂ ‘ಅರ್ಧ ಕಾಗದ ಯಾರಾದರೂ ಬರೀತಾರೇನಮ್ಮ?’ ಅಂದರು. ಸರಿ, ಪೂರ್ತಿ ಬರಹವನ್ನೇ ಹಾಕಿದೆ. ಈ ತೀರ್ಮಾನ ಆಮೇಲೆ ನನ್ನ ಕುತ್ತಿಗೆಗೆ ಬಂತು.

ಆ ಹೊತ್ತಿಗೆ ಕೆಲವರು ‘ಮೇಲ್ ಸ್ಪ್ಯಾಮ್‌ಗೆ ಹೋಗ್ತಿದೆ’ ಅಂತ ಹೇಳತೊಡಗಿದರು. ಕಾರಣ ಸರಳ. ಮೇಷ್ಟ್ರ ಜಿಮೇಲ್ ವಿಳಾಸದ ಹೆಸರಿನಲ್ಲಿ ಬೇರೆ ಯಾವುದೋ ಸೇವೆ ಕಾಗದ ಹಂಚುತ್ತಿದೆ. ಜಿಮೇಲ್ ನಂಬುವುದಾದರೂ ಹೇಗೆ? ನಮ್ಮದೇ ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರಿನಿಂದ ಕಳಿಸಬೇಕು, ಅದಕ್ಕೆ ಡಿಎನ್‌ಎಸ್ ಅನ್ನುವ ಡೊಮೇನಿನ ದಾಖಲೆಯಲ್ಲಿ ಮೂರು ಸಾಲು ಬರೆಯಬೇಕು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಮೇಷ್ಟ್ರು ಪಕ್ಕದಲ್ಲಿ ಕೂತು ಒಂದೊಂದನ್ನೂ ಕೇಳಿದರು. ಎಸ್‌ಪಿಎಫ್ ಅಂದರೆ ನಮ್ಮ ಹೆಸರಿನ ಕಾಗದ ಯಾರು ಯಾರು ಒಯ್ಯಬಹುದು ಅನ್ನುವ ಪಟ್ಟಿ. ಡಿಕಿಮ್ ಅಂದರೆ ಅರಗಿನ ಮುದ್ರೆ. ದಾರಿಯಲ್ಲಿ ಯಾರಾದರೂ ಒಂದಕ್ಷರ ಬದಲಾಯಿಸಿದರೂ ಮುದ್ರೆ ಒಡೆದದ್ದು ಗೊತ್ತಾಗುತ್ತದೆ. ಡಿಮಾರ್ಕ್ ಅಂದರೆ ಪಟ್ಟಿಯೂ ತಾಳೆಯಾಗಲಿಲ್ಲ, ಮುದ್ರೆಯೂ ಇಲ್ಲ ಅಂದರೆ ಆ ಕಾಗದವನ್ನು ಏನು ಮಾಡಬೇಕು ಅನ್ನುವ ಅಪ್ಪಣೆ. ಸುಮ್ಮನೆ ಬಿಡಿ, ಸ್ಪ್ಯಾಮ್‌ಗೆ ಹಾಕಿ, ಇಲ್ಲವೇ ಬಾಗಿಲಲ್ಲೇ ತಿರಸ್ಕರಿಸಿ.

ಮೇಷ್ಟ್ರ ಮುಖ ಅರಳಿತು. ‘ಇದು ಶಾಪಾಶಯ ಅಲ್ವೇನಮ್ಮಾ!’ ದಾನಶಾಸನಗಳ ಕೊನೆಯಲ್ಲಿ ಬರುತ್ತದಲ್ಲ, ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಅಂತ. ಮೊದಲು ಯಾರು ಕೊಟ್ಟದ್ದು, ಆಮೇಲೆ ಸಾಕ್ಷಿ, ಕೊನೆಗೆ ಶಾಪ. ‘ಸಾವಿರ ವರ್ಷದ ಹಿಂದೆಯೇ ನಮ್ಮವರು ಮಾಡಿದ್ದು’ ಅಂತ ಅಂದೇಬಿಟ್ಟರು. ಎಲ್ಲವನ್ನೂ ನಮ್ಮವರೇ ಮಾಡಿದ್ದರು ಅನ್ನುವ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಡಿಮಾರ್ಕ್ ಏನು ಅಂತ ಅವರಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರನ್ನು ನಾನು ನೋಡಿಲ್ಲ.

ಇಲ್ಲೂ ಒಂದು ತಪ್ಪು ಮಾಡಿದೆ. ಹೋಸ್ಟಿಂಗ್‌ನವರ ಎಸ್‌ಪಿಎಫ್ ಸಾಲು ಮೊದಲೇ ಇತ್ತು. ನಾನು ಕೆಳಗೆ ಇಮೇಲ್ ಸೇವೆಯದ್ದು ಇನ್ನೊಂದು ಸೇರಿಸಿದೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿದ ಮೇಲೆ ದಾರಿಗೆ ಬಂತು. ಗೂಗಲ್ 2024ರ ಫೆಬ್ರವರಿಯಿಂದ ಈ ವಿಷಯದಲ್ಲಿ ಬಿಗಿಯಾಗಿದೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ ಈ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಚಂದಾ ಬಿಡುವ ಸೌಲಭ್ಯವೂ ಕಡ್ಡಾಯ. ನಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮುದ್ರೆ ಇಲ್ಲದ ಸಣ್ಣವರನ್ನೂ ಅನುಮಾನದಿಂದಲೇ ನೋಡುತ್ತಾರೆ.

ಈಗ ಕಾಗದ ನಮ್ಮ ಡೊಮೇನ್ ಹೆಸರಿನಿಂದ ಹೋಗತೊಡಗಿತು. ಮೇಷ್ಟ್ರು ಮೊದಲ ಬಾರಿಗೆ ಕಳಿಸಿದವರ ವಿಳಾಸವನ್ನು ಗಮನವಿಟ್ಟು ನೋಡಿದರು.

‘ಏನಮ್ಮಾ ಇದು, ಟುಮ್ಕೂರ್ ಅಂತ ಇದೆ?’

ಸೈಟ್ ಮಾಡಿದ ಶಿಷ್ಯ ಡೊಮೇನ್ ತಗೊಂಡಾಗ ಊರ ಹೆಸರನ್ನು ಹಳೇ ಇಂಗ್ಲಿಷ್ ಕಾಗುಣಿತದಲ್ಲೇ ತಗೊಂಡಿದ್ದ. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಶಿವಮೊಗ್ಗದ ಜೊತೆ ನಮ್ಮ ಊರಿಗೂ ಇಂಗ್ಲಿಷಿನಲ್ಲಿ ತುಮಕೂರು ಅಂತಲೇ ಹೆಸರು ಬಂತಲ್ಲ, ಆವತ್ತು ಮೇಷ್ಟ್ರು ಬೀದಿಗೆಲ್ಲ ಮೈಸೂರುಪಾಕು ಹಂಚಿದವರು. ‘ನನ್ನ ಹೆಸರಿನಲ್ಲಿ ಟುಮ್ಕೂರ್ ಅಂತ ಕಾಗದ ಹೋಗಬಾರದು. ಬದಲಾಯಿಸು.’ ಪಾಠ ಒಪ್ಪಿಸು ಅಂದ ಹಾಗೆಯೇ ಹೇಳಿದರು. ನನಗೆ ಎಂಟನೇ ಕ್ಲಾಸು ನೆನಪಾಯಿತು.

ಸರಿ. ಹೊಸ ಡೊಮೇನ್ ಕೊಂಡೆ. ಮೂರು ಸಾಲುಗಳನ್ನು ಅದಕ್ಕೂ ಬರೆದೆ. ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ವ್ಯವಸ್ಥೆ ಮಾಡಿದೆ. ಕೊನೆಗೆ ಡೇಟಾಬೇಸ್ ಒಳಗೆ ಹಳೇ ಹೆಸರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೊಸ ಹೆಸರು ಹಾಕು ಅಂತ ಒಂದೇ ಆಜ್ಞೆ ಕೊಟ್ಟೆ. ಡಿಟಿಪಿಯವರಿಗೆ ಹುಡುಕಿ ಬದಲಾಯಿಸುವುದಕ್ಕಿಂತ ಪ್ರಿಯವಾದ ಕೆಲಸ ಇಲ್ಲ. ಎರಡು ಸಾವಿರಕ್ಕೂ ಜಾಸ್ತಿ ಕಡೆ ಬದಲಾಯಿತು. ಹೆಮ್ಮೆಯಿಂದ ಮಲಗಿದೆ. ಅದು ಗುರುವಾರ.

ಆಗಲೇ ಹೇಳಿದೆನಲ್ಲ, ಬೋರ್ಡಿನ ಪ್ರತಿ ಸಾಲಿಗೂ ಒಂದು ಟೋಕನ್ ನಂಬರ್ ಇರುತ್ತದೆ ಅಂತ. ಫೀಡಿನಲ್ಲಿ ಅದಕ್ಕೆ ಗೈಡ್ ಅನ್ನುತ್ತಾರೆ. ಒಂದು ಬರಹಕ್ಕೆ ಹುಟ್ಟಿದಾಗ ಕೊಟ್ಟ ಗುರುತು, ಯಾವತ್ತೂ ಬದಲಾಗಬಾರದು. ನಮ್ಮ ಸೇವೆ ಹೊಸದು ಯಾವುದು ಹಳೆಯದು ಯಾವುದು ಅಂತ ಅದನ್ನೇ ನೋಡಿ ಹೇಳುತ್ತದೆ. ವರ್ಡ್‌ಪ್ರೆಸ್ ಈ ಗುರುತನ್ನು ಸೈಟಿನ ವಿಳಾಸ ಸೇರಿಸಿ ಮಾಡುತ್ತದೆ. ನೋಡಲು ವಿಳಾಸದ ಹಾಗೇ ಇರುತ್ತದೆ, ಆದರೆ ಅದು ವಿಳಾಸ ಅಲ್ಲ. ಡೊಮೇನ್ ಬದಲಾಯಿಸಿದರೂ ಗೈಡ್ ಕಾಲಮನ್ನು ಮುಟ್ಟಬೇಡಿ ಅಂತ ವರ್ಡ್‌ಪ್ರೆಸ್‌ನವರೇ ಬರೆದಿದ್ದಾರೆ. ನಾನು ಓದಿದ್ದು ಭಾನುವಾರ.

ಭಾನುವಾರ 7 ಗಂಟೆಗೆ ಹುಡುಗ ಬಂದ. ಬೋರ್ಡು ನೋಡಿದ. ಹತ್ತಕ್ಕೆ ಹತ್ತೂ ಸಾಲಿನ ಟೋಕನ್ ಹೊಸದು! ಪಾಪ, ಅವನ ತಪ್ಪೇನಿದೆ. ಹತ್ತೂ ಬರಹಗಳನ್ನು, ಪೂರ್ತಿ ಪೂರ್ತಿ, ಒಂದೇ ಕಾಗದದಲ್ಲಿ ಹೊಲಿದು 346 ಜನರಿಗೆ ಹಂಚಿಬಿಟ್ಟ.

ಕನ್ನಡದ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ 3 ಬೈಟ್ ಜಾಗ ಬೇಕು, ಇಂಗ್ಲಿಷಿಗೆ 1 ಸಾಕು. ಕ್ಷ ಅನ್ನುವುದಕ್ಕೆ ಒಳಗೆ ಕ, ಅರ್ಧಾಕ್ಷರದ ಗುರುತು, ಷ ಸೇರಿ 9. ಜಿಮೇಲ್ 102 ಕೆಬಿಗಿಂತ ದೊಡ್ಡ ಕಾಗದವನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದು ಬೇಕಾದರೆ ಇಲ್ಲಿ ಒತ್ತಿ ಅನ್ನುತ್ತದೆ. ಅಂದರೆ ಇಂಗ್ಲಿಷಿನವರಿಗೆ ಸಿಗುವ ಜಾಗದಲ್ಲಿ ನಮಗೆ ಮೂರರಲ್ಲೊಂದು ಪಾಲು. ಒಂದು ಬರಹಕ್ಕೆ ಅದು ಧಾರಾಳ. ಹತ್ತಕ್ಕೆ ಎಲ್ಲಿ ಸಾಕು? ಮೂರನೇ ಬರಹದ ನಡುವೆ ಕಾಗದ ತುಂಡಾಗಿತ್ತು. ಕತ್ತರಿಸಿದ ಭಾಗದ ಕಟ್ಟಕಡೆಗೆ ಇದ್ದದ್ದು ‘ಚಂದಾ ಬಿಡಲು ಇಲ್ಲಿ ಒತ್ತಿ’ ಅನ್ನುವ ಕೊಂಡಿ. ಸಿಟ್ಟು ಬಂದವರಿಗೆ ಅದು ಕಾಣಲಿಲ್ಲ. ಕಣ್ಣಿಗೆ ಕಂಡದ್ದು ಮೇಲಿದ್ದ ಸ್ಪ್ಯಾಮ್ ಗುಂಡಿ. ಇಬ್ಬರು ಒತ್ತಿದರು. ಇಬ್ಬರು ತಾನೇ ಅನ್ನಬೇಡಿ. ದೊಡ್ಡವರಿಗೆ ಗೂಗಲ್ ಹಾಕಿರುವ ಗೆರೆ 0.3 ಶೇಕಡ, ಅಂದರೆ ಸಾವಿರಕ್ಕೆ ಮೂರು. 346ರಲ್ಲಿ ಇಬ್ಬರು ಅಂದರೆ ಆ ಗೆರೆ ದಾಟಿದ ಹಾಗೆಯೇ.

ನನ್ನ ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಕಾಗದದ ಎರಡನೇ ಬರಹ ನೋಡಿ. ಅದು ಹಿಂದಿನ ತಿಂಗಳ ಪ್ರಕಟಣೆ. ‘ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಕೈದಾಳದ ಚೆನ್ನಿಗರಾಯನ ಗುಡಿ ಮುಂದೆ ಸೇರೋಣ. ಜಕಣಾಚಾರಿಗೆ ಕೈ ಬಂದ ಊರು ಅನ್ನುವ ಕಥೆ ಎಲ್ಲಿಂದ ಬಂತು, ಕಲ್ಲು ಏನು ಹೇಳುತ್ತದೆ, ಅಲ್ಲೇ ಕೂತು ಮಾತಾಡೋಣ.’ ತಾರೀಖು ಹಾಕಿರಲಿಲ್ಲ. ಮೇಷ್ಟ್ರು ಯಾವತ್ತೂ ತಾರೀಖು ಹಾಕುವುದಿಲ್ಲ. ಕಾಗದದ ಮೇಲೆಯೇ ಇರುತ್ತದಲ್ಲ ಅನ್ನುತ್ತಾರೆ.

ಎಂಟು ಗಂಟೆಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರಿಗೆ ಆಗಲೇ ಮೂರು ಫೋನ್ ಬಂದಿತ್ತು. ‘ತಿಪಟೂರಿನಿಂದ ಒಬ್ಬ ಬಸ್ ಹತ್ತಿದ್ದಾನಂತೆ ಕಣಮ್ಮ. ಈಗ ಬೇಡ ಅನ್ನೋಕೆ ಆಗುತ್ತಾ? ನೀನು ಗಾಡಿ ತಗೊಂಡು ಬಾ.’

ಸ್ಕೂಟರಿನಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ಅವರನ್ನು ಹತ್ತಿಸಿಕೊಂಡು ಕೈದಾಳಕ್ಕೆ ಹೊರಟೆ. ದಾರಿಯುದ್ದಕ್ಕೂ ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಹಿಂದೆ ಕೂತು ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡು ಸುಮ್ಮನಿದ್ದರು. ಗುಡಿ ಮುಂದೆ ಐದು ಜನ ನಿಂತಿದ್ದರು. ಹಿಂದಿನ ತಿಂಗಳು ನಿಜವಾಗಿ ಕರೆದಾಗ ಬಂದದ್ದು ಮೂರು ಜನ. ಒಬ್ಬಾಕೆ ಬೆಂಗಳೂರಿನಿಂದ ರೈಲಿನಲ್ಲಿ ಬಂದಿದ್ದಳು, ನನ್ನ ಕ್ಲಾಸಿನವಳೇ, ಹದಿನಾರು ವರ್ಷದ ಮೇಲೆ ನೋಡಿದ್ದು. ಮೇಷ್ಟ್ರು ತಪ್ಪಾಗಿ ಕರೆದಿದ್ದೇವೆ ಅಂತ ಯಾರಿಗೂ ಹೇಳಲಿಲ್ಲ. ಎರಡು ಗಂಟೆ ಮಾತಾಡಿದರು. ಜಕಣಾಚಾರಿಯ ಕಥೆಗೂ ಅಲ್ಲಿನ ಶಾಸನಕ್ಕೂ ಎಷ್ಟು ದೂರ ಅಂತ ಮೆಟ್ಟಿಲ ಮೇಲೆ ಕೂತು ಬಿಡಿಸಿಟ್ಟರು. ತಿಪಟೂರಿನವರು ಚೀಲದಿಂದ ಎಳನೀರು ತೆಗೆದರು. ವಾಪಸ್ ಬರುವಾಗ ಮೇಷ್ಟ್ರು ಸ್ಕೂಟರ್ ಹಿಂದಿನಿಂದ ಕೇಳಿದರು, ‘ಆ ಗೈಡು ಅನ್ನೋದನ್ನ ತಿಂಗಳಿಗೊಂದು ಸಲ ಕೆಡಿಸೋಕೆ ಆಗುತ್ತೇನಮ್ಮಾ?’

ಕೆಡಿಸಲಿಲ್ಲ. ಸರಿಪಡಿಸಲೂ ಇಲ್ಲ. ಹೊಸ ಗುರುತುಗಳನ್ನು ಸೇವೆ ಈಗ ಒಪ್ಪಿಕೊಂಡಾಗಿದೆ, ಮತ್ತೆ ಹಿಂದಕ್ಕೆ ತಿರುಗಿಸಲು ಹೋಗಿ ಇನ್ನೊಂದು ಹತ್ತು ಹಂಚುವುದು ಬೇಡ ಅಂತ ಹಾಗೇ ಬಿಟ್ಟೆ. ಸಂಜೆ ಎಲ್ಲರಿಗೂ ಎರಡು ಸಾಲಿನ ಕ್ಷಮೆ ಕಳಿಸಿದೆ. ಚಂದಾ ಬಿಡುವ ಕೊಂಡಿಯನ್ನು ಕಾಗದದ ತಲೆಗೆ ತಂದೆ. ಫೀಡಿನಲ್ಲಿ ಹತ್ತು ಬರಹದ ಬದಲು ಎರಡೇ ಇರಲಿ ಅಂತ ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ ಬದಲಾಯಿಸಿದೆ. ಇನ್ನೇನು ಎಡವಟ್ಟಾದರೂ ಎರಡಕ್ಕೆ ನಿಲ್ಲುತ್ತದೆ.

ಇನ್ನೊಂದು ಮಾಡಿದೆ. ಅದೇ ಬೋರ್ಡಿಗೆ ಎರಡನೇ ಹುಡುಗನನ್ನು ಇಟ್ಟೆ. ಅವನು ಬರುವುದು 6 ಗಂಟೆಗೆ. ಅವನ ಪಟ್ಟಿಯಲ್ಲಿ ಇರುವವರು ಇಬ್ಬರೇ, ಮೇಷ್ಟ್ರು ಮತ್ತು ನಾನು. 5ಕ್ಕೆ ಪ್ರಕಟಣೆ, 6ಕ್ಕೆ ನಮ್ಮಿಬ್ಬರ ಕಾಗದ, 7ಕ್ಕೆ ಊರಿನವರ ಕಾಗದ. ನಡುವೆ ಸಿಗುವ ಒಂದು ಗಂಟೆಯಲ್ಲಿ ತಪ್ಪಿದ್ದರೆ ಸೈಟಿನಲ್ಲಿ ತಿದ್ದಬಹುದು, ತೀರಾ ಕೆಟ್ಟಿದ್ದರೆ 7ರ ಹುಡುಗನನ್ನು ನಿಲ್ಲಿಸಬಹುದು. ತಿದ್ದಿದ್ದು ಬೋರ್ಡಿನಲ್ಲಿ ಕೂಡಲೇ ಕಾಣಬೇಕಲ್ಲ, ಅದಕ್ಕೆ ಪುಟದ ಹಳೇ ಪ್ರತಿ ಇಟ್ಟುಕೊಂಡು ಅದನ್ನೇ ತೋರಿಸುವ ಕ್ಯಾಶ್ ಪ್ಲಗಿನ್ನಿನಿಂದ ಫೀಡಿನ ಪುಟವನ್ನು ಹೊರಗಿಟ್ಟೆ. ಭಾನುವಾರ ನಿದ್ದೆ ಮಾಡಲೆಂದು ಶುರುಮಾಡಿದ ವ್ಯವಸ್ಥೆ ಇದು. ಈಗ ಆರಕ್ಕೆ ಏಳುತ್ತೇನೆ.

ಹೋದ ವಾರ ಆರು ಗಂಟೆ ನಾಲ್ಕು ನಿಮಿಷಕ್ಕೆ ಫೋನ್ ಬಂತು. ‘ಮೂರನೇ ಪ್ಯಾರಾ, ನಾಲ್ಕನೇ ಸಾಲು. ಕೆರೆಯ ತೂಬು ಅಂತ ಬರೆದುಕೊಟ್ಟಿದ್ದೆ, ನೀನು ತುಂಬು ಅಂತ ಹೊಡೆದಿದ್ದೀಯ.’ ದೀಪ ಹಾಕದೆ ಫೋನಿನಲ್ಲೇ ತಿದ್ದಿದೆ. ಫೀಡ್ ತೆರೆದು ನೋಡಿದೆ, ತೂಬು ಅಂತ ಇತ್ತು. ಏಳು ಗಂಟೆ ಎರಡು ನಿಮಿಷಕ್ಕೆ ಇನ್ನೊಮ್ಮೆ ಟಿಣ್ ಅಂತು. ಹಿಂದೆಯೇ ಮೇಷ್ಟ್ರ ಫೋನು. ‘ಬಂತು. ತಾರೀಖು ಮಾತ್ರ ಹಾಕಿಲ್ಲ ಈ ಸಲಾನೂ.’